ಉಪ್ಪು ಹಾಕದ ಅಪ್ಪೆಹುಳಿ

ಆಗ ನನಗೆ ಎಪ್ಪತ್ತೊಂದು. ಇದು ಐದು ವರ್ಷದ ಹಿಂದಿನ ಮಾತು. ಒಂದು ದಿನ ಊಟ ಮುಗಿಸಿ ಗೋಡೆಗೊರಗಿ ಕೂತವಳು, ಮಾಡಲು ಬೇರೆ ಕೆಲಸವಿಲ್ಲದೆ, ಕಾಲಿನ ಮೇಲೆ ಹೆಬ್ಬೆರಳು ಊರಿದೆ. ರೊಟ್ಟಿಯ ಹಿಟ್ಟಿಗೆ ಬೆರಳಿಟ್ಟ ಹಾಗೆ ಗುಳಿ ಬಿತ್ತು. ಬಿದ್ದದ್ದು ಏಳಲಿಲ್ಲ. ಪಕ್ಕದಲ್ಲಿ ಇನ್ನೊಂದು ಒತ್ತಿದೆ, ಅದರ ಪಕ್ಕದಲ್ಲಿ ಮತ್ತೊಂದು. ಚೆನ್ನೆಮಣೆಯ ಹಾಗೆ ಸಾಲುಗುಳಿಗಳಾದವು. ನಗಬೇಡಿ, ಸ್ವಂತ ಶರೀರದ ಮೇಲೆ ಚೆನ್ನೆ ಆಡುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ಅದೇ ದಿನಗಳಲ್ಲಿ ಮಧ್ಯಾಹ್ನದ ನಿದ್ದೆಗೆ ಒಂದು ಸ್ವಪ್ನ ಬರತೊಡಗಿತ್ತು. ಮಾಸ್ತಿಕಟ್ಟೆಯ ಕಡೆ ನನ್ನ ತವರು. ಅಣೆಕಟ್ಟು ಎದ್ದ ಮೇಲೆ ನಮ್ಮ ಗದ್ದೆಯೆಲ್ಲ ಹಿನ್ನೀರಿನ ಅಡಿಗೆ ಹೋಯಿತು. ಸ್ವಪ್ನದಲ್ಲಿ ನಾನು ಆ ನೀರಿನ ಮೇಲೆ ಅಂಗಾತ ಮಲಗಿರುತ್ತಿದ್ದೆ. ಉಗುರು ಬೆಚ್ಚಗಿನ ನೀರು. ಕೆಳಗೆ ನಾನು ನಟ್ಟಿ ಮಾಡಿದ ಗದ್ದೆ, ಅದರ ಅಂಚು, ಅಂಚಿನ ಮೇಲೆ ಯಾರೋ ಬಿಟ್ಟುಹೋದ, ಮಳೆಗೆ ಹೊದೆಯುವ ಕಂಬಳಿಕೊಪ್ಪೆ, ಎಲ್ಲವೂ ಕನ್ನಡಿಯೊಳಗಿನ ಹಾಗೆ ನಿಚ್ಚಳ. ತೇಲುತ್ತ ಹೋದಂತೆ ನೀರು ಮೆಲ್ಲಗೆ ಏರಿ ಕಿವಿ ಮುಚ್ಚುತ್ತಿತ್ತು, ಆಮೇಲೆ ಮೂಗು. ಆಗ ದಡಬಡಿಸಿ ಎದ್ದು ಕೂತು, ಬಾಯಿ ತೆರೆದು ಉಸಿರು ಎಳೆಯುತ್ತಿದ್ದೆ. ಸ್ವಪ್ನ ಸುಖವಾಗಿಯೇ ಇತ್ತು; ಎಚ್ಚರವೇ ಕಷ್ಟದ್ದು.

ಸೊಸೆ ಸುಜಾತ ನನ್ನನ್ನು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎದೆಯ ಮೇಲೆ ತಣ್ಣನೆಯ ಯಂತ್ರ ಆಡಿಸಿ ನೋಡಿ, "ಹಾರ್ಟ್ ಫೇಲ್ಯೂರ್ ಅಜ್ಜಿ" ಎಂದರು. ಮೂರನೇ ಕ್ಲಾಸು ದಾಟದ ನನಗೆ ಫೇಲು ಎಂಬ ಪದದ ಪರಿಚಯ ಚೆನ್ನಾಗಿಯೇ ಇತ್ತು.

"ಹಂಗಾದ್ರೆ ನಾನು ಕೂತು ಮಾತಾಡ್ತಿರೋದು ಹೆಂಗೆ?" ಎಂದೆ.

"ನಿಂತುಹೋಗಿಲ್ಲ. ಸೋತಿದೆ. ಮುಂದಕ್ಕೆ ತಳ್ಳೋ ಶಕ್ತಿ ಕಮ್ಮಿಯಾಗಿದೆ. ಮುಂದೆ ಹೋಗದ ನೀರು ಎಂತ ಮಾಡುತ್ತೆ?"

"ಹಿಂದೆ ನಿಲ್ಲುತ್ತೆ" ಎಂದೆ. ಹಿನ್ನೀರಿನ ಸಂಗತಿಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶ್ವಾಸಕೋಶದಲ್ಲಿ ನಿಂತರೆ ಮಲಗಿದಾಗ ಉಸಿರು ಕಟ್ಟುತ್ತದಂತೆ, ಕಾಲಿಗಿಳಿದರೆ ಗುಳಿ ಬೀಳುತ್ತದಂತೆ. ನನ್ನೊಳಗೆ ಅಣೆಕಟ್ಟು ಕಟ್ಟಿದವರು ಯಾರು ಎಂದು ವಿಚಾರಿಸಿದೆ. ಕೆಲವರಿಗೆ ಹೃದಯದ ರಕ್ತನಾಳ ಕಟ್ಟಿಕೊಂಡು ಹೀಗಾಗುತ್ತದೆ, ಕೆಲವರಿಗೆ ಚಿಕ್ಕಂದಿನ ಕೀಲುಜ್ವರ ಒಳಗಿನ ಕವಾಟ ಕೆಡಿಸಿರುತ್ತದೆ, ಸಕ್ಕರೆ ಕಾಯಿಲೆಯೂ ಕೈ ಸೇರಿಸುತ್ತದೆ ಎಂದರು. ನನ್ನದು ಬಿಪಿ. ಹಿಂದೆ ಕೊಟ್ಟ ಮಾತ್ರೆಯನ್ನು, ತಲೆನೋವು ಹೋಯಿತಲ್ಲ ಎಂದು ನಾನೇ ನಿಲ್ಲಿಸಿ ಹತ್ತು ವರ್ಷವಾಗಿತ್ತು. ಅಷ್ಟು ವರ್ಷ ಹೃದಯ ಏರಿಗೆ ಗಾಡಿ ಎಳೆದ ಹಾಗೆ ಎಳೆದು, ದಪ್ಪಗಾಗಿ, ಬಿರುಸಾಗಿ, ಕಡೆಗೆ ಸೋತಿತ್ತು. ಕಟ್ಟಿದವಳು ನಾನೇ.

ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ಕೊಟ್ಟು ಕಳಿಸಿದರು. ಕುಡಿಯುವ ನೀರು ಅಳತೆಯಲ್ಲಿ, ಉಪ್ಪು ನಾಮಮಾತ್ರ. ಉಪ್ಪು ನೀರನ್ನು ಹಿಡಿದು ಕೂರಿಸುತ್ತದಂತೆ. ಸುಜಾತ ಮನೆಯ ಅಡುಗೆಯನ್ನೇ ಸಪ್ಪೆ ಮಾಡಿ, "ನೀವೊಬ್ರೇ ತಿನ್ನೋದು ಎಂತಕ್ಕೆ, ನಾನೂ ತಿಂತೀನಿ" ಎಂದು ಎದುರಿಗೇ ಕೂತು ಉಂಡಳು. ತಿಂಗಳು ಕಳೆಯಿತು. ಉಬ್ಬು ಇಳಿಯಲಿಲ್ಲ. ತೂಕ ಏರಿತು. ಚಪ್ಪಲಿ ಕಾಲಿಗೆ ಹತ್ತಲಿಲ್ಲ. ಮಲಗಿದರೆ ಮುಳುಗುತ್ತಿದ್ದೆ, ಮೂರು ದಿಂಬು ಒಟ್ಟಿಕೊಂಡು ಕೂತೇ ನಿದ್ರಿಸುತ್ತಿದ್ದೆ.

ಮತ್ತೆ ಹೋದಾಗ ಡಾಕ್ಟರಮ್ಮ ಸುಜಾತನ ಮೇಲೆ ಹರಿಹಾಯ್ದರು. "ಹೀಗೇ ಆದ್ರೆ ಅಜ್ಜಿ ಉಳಿಯಲ್ಲ. ಉಪ್ಪು ಹಾಕ್ತಿದ್ದೀಯ, ಸುಳ್ಳು ಹೇಳ್ಬೇಡ."

"ಇಲ್ಲ ಮೇಡಂ, ದೇವರಾಣೆ" ಎಂದಳು. ಅವರು ನಂಬದೆ ಚೀಟಿಯಲ್ಲಿ ಏನೋ ಬರೆದರು. ಮನೆಯವರು ಪಥ್ಯ ಮಾಡಿಸುತ್ತಿಲ್ಲ ಎಂದು ಬರೆದದ್ದನ್ನು ಸುಜಾತ ಬಸ್ಸಿನಲ್ಲಿ ಓದಿದಳು. ಊರು ಬರುವವರೆಗೂ ಕಿಟಕಿಯ ಆಚೆ ನೋಡಿದಳು. ನಾನೂ ಅವಳ ಮೇಲೆ ಸ್ವಲ್ಪ ಅನುಮಾನಪಟ್ಟೆ, ಇದನ್ನು ಮುಚ್ಚಿಡುವುದಿಲ್ಲ.

ಅವಳು ರಿಪ್ಪನ್‌ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅಡುಗೆ ಮುಗಿಸಿ ಹೋದರೆ ಸಂಜೆಗೇ ಬರುವುದು. ಎರಡು ವಾರದ ಮೇಲೆ ಒಂದು ದಿನ ಕರೆಂಟು ಇಲ್ಲವೆಂದು ಮಧ್ಯಾಹ್ನವೇ ಬಂದಳು. ನಾನು ಭರಣಿಯಿಂದ ನಾಲ್ಕು ಮಾವಿನ ಅಪ್ಪೆಮಿಡಿ ತೆಗೆದು, ನೀರಿನಲ್ಲಿ ಕಿವುಚಿ, ಇಂಗಿನ ಒಗ್ಗರಣೆ ಕೊಟ್ಟು, ಚೊಂಬಿನಲ್ಲಿ ಹಿಡಿದು ಕೂತಿದ್ದೆ. ಅಪ್ಪೆಹುಳಿ ಕುಡಿದರೆ ಕಣ್ಣು ತಾನಾಗಿ ಎಳೆಯುತ್ತದೆ, ಲೋಕ ದೂರ ಸರಿಯುತ್ತದೆ. ಸಪ್ಪೆ ಊಟದ ಮೇಲೆ ನನಗುಳಿದಿದ್ದ ಒಂದೇ ವಿಲಾಸ ಅದು.

"ಎಂತದು ಅತ್ತೆ ಇದು?"

"ಅಪ್ಪೆಹುಳಿ. ಕಣ್ಣು ಕಾಣಲ್ವನೇ?"

"ದಿನಾ ಕುಡೀತೀರಾ?"

"ಒಂದೇ ಚೊಂಬು. ಉಪ್ಪು ಒಂದು ಹರಳೂ ಹಾಕಲ್ಲ."

ಅವಳು ಚೊಂಬು ಕಸಿದು ಒಂದು ಗುಟುಕು ಕುಡಿದಳು. ಮುಖ ಕಿವುಚಿಕೊಂಡಳು.

"ಹಾಕೋದು ಎಂತಕ್ಕೆ ಅತ್ತೆ? ಮಿಡಿ ವರ್ಷವಿಡೀ ಉಪ್ಪಲ್ಲೇ ಮುಳುಗಿತ್ತಲ್ಲ! ಸೇರುಗಟ್ಲೆ ಸುರಿದಿದ್ದು ನೀವೇ ಅಲ್ವಾ?"

ಐವತ್ತು ವರ್ಷ ಈ ಕೈಯಲ್ಲೇ ಮಿಡಿಗೆ ಉಪ್ಪು ಹಾಕಿದವಳು ನಾನು. ಉಪ್ಪಿನ ಮಿಡಿಯ ಅಪ್ಪೆಹುಳಿಗೆ ಮತ್ತೆ ಉಪ್ಪು ಹಾಕುವ ಕ್ರಮ ನಮ್ಮಲ್ಲಿಲ್ಲ. ಹಾಕದ್ದು ಇರುವುದು ಹೇಗೆ ಎಂದು ನನ್ನ ಬುದ್ಧಿ ಆರು ವಾರ ನಿಶ್ಚಿಂತೆಯಿಂದ ಮಲಗಿತ್ತು.

"ಕುಡಿದಿದ್ದು ನೀವು, ಬೈಸ್ಕೊಂಡಿದ್ದು ನಾನು" ಎಂದಳು. ಆಮೇಲೆ ನಗು ಬಂತೋ ಅಳು ಬಂತೋ, ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದಳು.

ಮರುದಿನ ಬೆಳಿಗ್ಗೆ, ಹತ್ತದ ಚಪ್ಪಲಿಯನ್ನು ಬಿಟ್ಟು ಬರಿಗಾಲಲ್ಲೇ ಮೊದಲ ಬಸ್ಸು ಹಿಡಿದೆ. ಸಾಗರದಲ್ಲಿ ಡಾಕ್ಟರಮ್ಮ ಬರುವ ಮೊದಲೇ ಬೆಂಚಿನ ತುದಿಯಲ್ಲಿ ಕೂತಿದ್ದೆ. ನಡೆದದ್ದನ್ನು ಕಾದು ಕೂತವರಿಗೆಲ್ಲ ಕೇಳುವ ಹಾಗೆ ಹೇಳಿ, ಚೀಟಿಯನ್ನು ಮೇಜಿನ ಮೇಲಿಟ್ಟು, ಸುಜಾತನ ಮೇಲೆ ಬರೆದ ಸಾಲನ್ನು ಅವರು ಪೆನ್ನಿನಿಂದ ಹೊಡೆದುಹಾಕುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.