ಹೆಣ್ಣಿನ ಮನೆ ಮುಂದೆ ನಿಲ್ಲದ ಕಾರು

ಮೊನ್ನೆ ಗುರುವಾರ ಹಳೇಬೀಡಿಗೆ ಹೆಣ್ಣು ನೋಡಲು ಹೋಗಿದ್ದೆ. ಮನೆ ಸಿಕ್ಕಿತು. ಹೆಣ್ಣಿನ ತಂದೆ ಜರಿಪೇಟ ಸುತ್ತಿಕೊಂಡು ರಸ್ತೆಗೇ ಬಂದು ಕೈಮುಗಿದು ನಿಂತಿದ್ದರು. ನಾನೂ ಕಾರಿನೊಳಗಿಂದ ಕೈಮುಗಿದೆ. ಹಿಂದಿನ ಸೀಟಿನಿಂದ ಅಮ್ಮನೂ ಕೈಮುಗಿದಳು.

ಕಾರು ನಿಲ್ಲಲಿಲ್ಲ. ಹಾಗೇ ಹೊರಟುಹೋಯಿತು.

ನಗಬೇಡಿ. ನಿಮಗೆ ಹೀಗೆ ಆಗಿಲ್ಲ ಅಂದರೆ ನನ್ನ ಭಾವನಂಥ ಭಾವ ನಿಮಗಿಲ್ಲ ಅಂತ ಅರ್ಥ, ಅಷ್ಟೆ.

ಭಾವ ಅಂದರೆ ನಮ್ಮಕ್ಕನ ಗಂಡ. ಅರಸೀಕೆರೆಯಲ್ಲಿ ಸೈನ್ಸ್ ಮೇಷ್ಟ್ರು. ಯಾವ ಮಾತು ಶುರು ಮಾಡುವುದಿದ್ದರೂ ಕನ್ನಡಕ ಮೇಲಕ್ಕೆ ತಳ್ಳಿ "ಆದ್ದರಿಂದ..." ಅನ್ನುತ್ತಾರೆ. ಹಿಂದೆ ಏನೂ ಹೇಳದೆಯೇ ಆದ್ದರಿಂದ! (ಹೊರಗೆ ನಿಂತು ನಾನು ಅದೇ ದನಿಯಲ್ಲಿ "ಆದ್ದರಿಂದ ಕಾಫಿ" ಅಂದರೆ ಅಕ್ಕ ಕಾಫಿ ತರುತ್ತಾಳೆ. ಬೇಕಾದಷ್ಟು ಕುಡಿದಿದ್ದೇನೆ.)

ಮೂಡಿಗೆರೆ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಊರಿಗೆ ವಾಪಸು ಹೋಗುವಾಗ ತನ್ನ ಕಾರನ್ನು ಭಾವನಿಗೆ ದಾಟಿಸಿದ. ಕಾರೆಂದರೆ ಕಾರಲ್ಲ, ಪೆಟ್ಟಿಗೆಗಳು. ನಾವೇ ಜೋಡಿಸಿಕೊಳ್ಳಬೇಕಾದ ಕಾರಂತೆ! ಬಾಡಿ ಒಂದರಲ್ಲಿ, ಎಂಜಿನ್ ಇನ್ನೊಂದರಲ್ಲಿ, ಗೇರ್ ಬಾಕ್ಸ್ ಮತ್ತೊಂದರಲ್ಲಿ. ಹಾರ್ನ್ ಮಾತ್ರ ಯಾವುದರಲ್ಲೂ ಇರಲಿಲ್ಲ. ಕೊಬ್ಬರಿ ಮಂಡಿಯೊಂದರ ಹಿಂದಿನ ಶೆಡ್ಡಿನಲ್ಲಿ ಭಾವ ಪೆಟ್ಟಿಗೆ ಬಿಚ್ಚಿದರು. ನಾನು ಕೈ ಜೋಡಿಸಿದೆ. ಅಂದರೆ ಮಾತು ಜೋಡಿಸಿದೆ.

ಗೇರ್ ಬಾಕ್ಸ್ ಕೂರಿಸುವುದಿದೆಯಲ್ಲ, ಅದು ಮಗುವಿಗೆ ಔಷಧಿ ಕುಡಿಸಿದ ಹಾಗೆ. ಕ್ಲಚ್ ತಟ್ಟೆಯ ನಟ್ಟನಡುವಿನ ತೂತಿಗೆ ಗೇರ್ ಬಾಕ್ಸಿನ ದಂಡ ನೇರವಾಗಿ ನುಗ್ಗಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಒಳಗೆ ಹೋಗೋಲ್ಲ. ತಟ್ಟೆಯನ್ನು ನಡುವಿಗೆ ತಂದು ನಿಲ್ಲಿಸಲು ಭಾವ ಅಕ್ಕನ ಲಟ್ಟಣಿಗೆ ಕದ್ದರು. ಅದರ ಹಿಡಿ ಅಳತೆ ಮಾಡಿಸಿದ ಹಾಗೆ ಕೂತಿತು! ಗೇರ್ ಬಾಕ್ಸನ್ನು ತೆಂಗಿನ ನಾರಿನ ಹಗ್ಗದಲ್ಲಿ ತೊಲೆಗೆ ಕಟ್ಟಿ, ತೊಟ್ಟಿಲು ತೂಗಿದ ಹಾಗೆ ತೂಗಿದೆವು. "ಬಂತು, ಬಂತು, ಬಂತು... ಅಯ್ಯೋ, ಹೋಯ್ತು!" ಕೊನೆಗೊಮ್ಮೆ ಠಕ್ ಎಂದು ಕೂತಾಗ ಭಾವ ಸಂತೋಷಕ್ಕೆ ನನ್ನನ್ನು ತಬ್ಬಿಕೊಂಡರು. ಅವರ ಹತ್ತೂ ಬೆರಳು ನನ್ನ ಬಿಳಿ ಷರ್ಟಿನ ಬೆನ್ನ ಮೇಲೆ ಇವತ್ತಿಗೂ ಇವೆ.

ಉಳಿದದ್ದು ಕ್ಲಚ್ಚು. ಹಳೇ ಗಾಡಿಗಳ ಹಾಗೆ ಕಡ್ಡಿ, ತಂತಿ ಇಲ್ಲ. ಇದು ಹೈಡ್ರಾಲಿಕ್! ಪೆಡಲ್ ಒತ್ತಿದರೆ ಪುಟ್ಟ ಡಬ್ಬಿಯ ಆಯಿಲ್ ಕೊಳವೆಯಲ್ಲಿ ಓಡಿ, ಆ ತುದಿಯಲ್ಲಿ ಕ್ಲಚ್ಚನ್ನು ತಳ್ಳುತ್ತದೆ. ಎಂಜಿನ್ ಒಂದು ಕಡೆ, ಚಕ್ರ ಒಂದು ಕಡೆ ಆಗುತ್ತವೆ. ಆಗ ಗೇರ್ ಹಾಕಬಹುದು, ಗಾಡಿ ನಿಲ್ಲಿಸಬಹುದು. ಆದರೆ ದೊರೆಯ ಡಬ್ಬದಲ್ಲಿದ್ದ ಆಯಿಲ್ ದಾರಿಯಲ್ಲೇ ಸೋರಿಹೋಗಿತ್ತು. ಬೇರೆ ತರಿಸಬೇಕೆಂದರೆ ಬೆಂಗಳೂರಿನಿಂದ ಬರಬೇಕು. ಹೆಣ್ಣು ನೋಡುವುದು ನಾಳೆ.

"ಆದ್ದರಿಂದ," ಅಂದರು ಭಾವ, "ಕೊಬ್ಬರಿ ಎಣ್ಣೆ ಹಾಕೋಣ. ಗಾಣದ್ದು, ಶುದ್ಧವಾದದ್ದು. ನಮ್ಮೂರಲ್ಲಿ ಅದಕ್ಕೇನೋ ಬರ?"

"ಭಾವ, ನೀವು ಜೀನಿಯಸ್ಸು!" ಅಂದವನು ನಾನೇ.

ಮಧ್ಯಾಹ್ನದ ಬಿಸಿಲಿನಲ್ಲಿ ಸ್ಟೇಷನ್ ರಸ್ತೆಯಲ್ಲಿ ಒಂದು ರೌಂಡ್ ಹೊಡೆದೆವು. ಕ್ಲಚ್ಚು ಬೆಣ್ಣೆ. ಬಂಡಿಯಂತೂ ಘಮಘಮ!

ನನಗೆ ಈ ಸಂಬಂಧ ಬೇಕೇ ಬೇಕಿತ್ತು. ಹುಡುಗಿಯ ಫೋಟೋ ನೋಡಿದಂದಿನಿಂದ ಊಟ ಸೇರುತ್ತಿರಲಿಲ್ಲ. (ತಿಂಡಿ ಸೇರುತ್ತಿತ್ತು.) ಹಿಂದೆ ನೋಡಿದ್ದ ಮನೆಯವರು "ಹುಡುಗ ಎಲ್ಲರನ್ನೂ ಅಣಕಿಸ್ತಾನಂತೆ" ಎಂದು ಬೇಡವೆಂದಿದ್ದರು. ಆದ್ದರಿಂದ (ನೋಡಿ, ನನಗೂ ಅಂಟಿತು!) ಅಮ್ಮನ ಕಟ್ಟಪ್ಪಣೆ: "ಇವತ್ತೊಂದು ದಿನ ನಿನ್ನ ಬಾಯಿ ನಿನ್ನದೇ ಆಗಿರಲಿ ಕಣೋ." ಅಪ್ಪನಿಗೆ ಆಫೀಸಿನಲ್ಲಿ ರಜ ಸಿಗಲಿಲ್ಲ. (ಕಾರು ನೋಡಿದ ಮೇಲೆ ಅವರು ಕೇಳಲೂ ಇಲ್ಲ.)

ಮಾಗಿ ಚಳಿಯ ಬೆಳಗು. ಮಾತಾಡಿದರೆ ಬಾಯಿಂದ ಹೊಗೆ. ಭಾವ ಕ್ಲಚ್ ಒತ್ತಿದರು. ಕಲ್ಲು! "ಹೊಸದಲ್ವೇನೋ, ಬಿಗಿ ಇರತ್ತೆ. ಓಡ್ತಾ ಓಡ್ತಾ ಸಡಿಲ ಆಗತ್ತೆ" ಎಂದು ಗೇರಿಗೆ ಹಾಕಿಯೇ ಬೀದಿಯವರಿಂದ ತಳ್ಳಿಸಿದರು. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಹೊರಟಿತು. ಗೇರ್ ಬದಲಿಸಿದಾಗಲೆಲ್ಲ ಕರ್‌ರ್‌ರ್ ಎಂದು ಕಾಫಿಬೀಜ ಪುಡಿ ಮಾಡುವ ಸದ್ದು. ಜಾವಗಲ್ಲಿನಲ್ಲಿ ಎಮ್ಮೆಗಳು ಅಡ್ಡ ಬಂದವು. ನಾನು ಕತ್ತು ಹೊರಗೆ ಹಾಕಿ ಬಸ್ಸಿನ ಹಾರ್ನ್ ಕೂಗಿದೆ. ಎಮ್ಮೆಗಳು ದಾರಿ ಬಿಟ್ಟವು. ಒಬ್ಬ ಮುದುಕ ಬಸ್ಸು ಹತ್ತಲು ಓಡಿಬಂದ.

ಹೀಗೆ ಹಳೇಬೀಡು ಬಂತು. ಪೇಟ ಬಂತು, ನಮಸ್ಕಾರ ಬಂತು. ಭಾವ ಕಿರುಚಿದರು: "ಅತ್ತೆ, ಬ್ರೇಕ್ ಹಾಕಿದರೆ ಎಂಜಿನ್ ಸತ್ತುಹೋಗತ್ತೆ! ಏನ್ಮಾಡ್ಲಿ?"

"ಥೂ, ಬಿಡ್ತು ಅನ್ನಿ ಅಳಿಯಂದ್ರೇ! ಹೆಣ್ಣಿನ ಮನೆ ಬಾಗಿಲಲ್ಲಿ ಸಾಯೋ ಮಾತೇ? ಅಪಶಕುನ! ಮುಂದೆ ಹೋಗಿ, ಮುಂದೆ ಹೋಗಿ!"

ಮುಂದೆ ಹೋದೆವು. ಹುಲಿಕೆರೆ ದಾರಿಯಲ್ಲಿ ಒಂದು ರಾಗಿ ಕಣ. ತಿರುಗಿಸಲು ಅಷ್ಟು ಜಾಗ ಬೇರೆಲ್ಲಿ ಸಿಗಬೇಕು? ಹರಡಿದ್ದ ತೆನೆಯ ಮೇಲೇ ಸುತ್ತಿದೆವು. ಕಣದ ಗೌಡರು ಬೈಯುತ್ತಾರೆ ಅಂದುಕೊಂಡರೆ, ತೆನೆಯ ಮೇಲೆ ರೋಣಗಲ್ಲು ಉರುಳಿಸುತ್ತಿದ್ದ ಎತ್ತನ್ನು ಪಕ್ಕಕ್ಕೆ ಹೊಡೆದು ಕೂಗಿದರು: "ಇನ್ನೊಂದು ಸುತ್ತು ಹೊಡೀರಿ ಸ್ವಾಮೀ! ರಾಗಿ ಚೆಂದಾಗಿ ಉದುರ್ತಾ ಐತೆ!"

ವಾಪಸು ಬಂದರೆ ಪೇಟದವರು ಮತ್ತೆ ಕೈಮುಗಿದರು. ನಾವು ಮತ್ತೆ ಹಾದುಹೋದೆವು. ಊರ ತುದಿಯಲ್ಲಿ ತಿರುಗಿ ಮತ್ತೆ ಬಂದಾಗ ಕೈ ಮುಗಿಯಲಿಲ್ಲ, ಸೊಂಟದ ಮೇಲಿತ್ತು. ಮನೆ ನೋಡಿಯೇ ಬೇಡವೆಂದು ಹೋಗುತ್ತಿದ್ದಾರೆ ಅಂದುಕೊಂಡರೆ? ಮುಗಿಯಿತಲ್ಲ ಕಥೆ!

ಎರಡನೇ ಸಲ ಕಣ ಸುತ್ತುವಾಗ ಅಮ್ಮ ಕೇಳಿದಳು: "ಅದಕ್ಕೆ ಹಾಕಿರೋದಾದರೂ ಏನು?"

"ಕೊಬ್ಬರಿ ಎಣ್ಣೆ, ಅತ್ತೆ."

"ಅಯ್ಯೋ ರಾಮ! ಬೆಳಿಗ್ಗೆ ತಲೆಗೆ ಹಚ್ಚೋಕೆ ನಾನು ಬಾಟಲಿಗೆ ಕಡ್ಡಿ ಹಾಕಿ ಕೆದಕಿದೀನಿ, ಅಷ್ಟು ಗಟ್ಟಿಯಾಗಿತ್ತು! ಸೈನ್ಸ್ ಮೇಷ್ಟ್ರು ತಲೆಗೆ ಎಣ್ಣೆ ಹಚ್ಚೋಲ್ವೆ?"

ಭಾವನ ತಲೆ ಬೋಳು. ಗೌಡರ ರಾಗಿ ಉದುರುತ್ತಲೇ ಇತ್ತು.

ಸೂರ್ಯ ಮೇಲೆ ಬರುವ ತನಕ ಸುತ್ತಿದೆವು. ಭಾವ ಆಗಾಗ ಪೆಡಲ್ ಒತ್ತಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ "ಹೋಯ್ತು! ಒಳಗೆ ಹೋಯ್ತು!" ಎಂದು ಕುಣಿದರು. ಎಣ್ಣೆ ಕರಗಿತ್ತು. ಈ ಸಲ ಕಾರು ಹೆಣ್ಣಿನ ಮನೆ ಬಾಗಿಲಲ್ಲಿ ಮದುಮಗಳ ಹಾಗೆ ಮೆತ್ತಗೆ ನಿಂತಿತು.

ಒಳಗೆ ಬರಹೇಳುವವರೇ ಇಲ್ಲ. ಹೆಣ್ಣಿನ ತಂದೆ ಜಗಲಿಯ ಮೇಲಿಂದಲೇ ಕೇಳಿದರು: "ಏನ್ರೀ, ನಮ್ಮ ಮನೆ ಏನು ದೇವಸ್ಥಾನವೇ, ಪ್ರದಕ್ಷಿಣೆ ಹಾಕೋಕೆ? ಇಷ್ಟ ಇಲ್ಲದಿದ್ದರೆ ಬರಬಾರದಿತ್ತು."

ಭಾವ ಕನ್ನಡಕ ಮೇಲಕ್ಕೆ ತಳ್ಳಿದರು. "ಆದ್ದರಿಂದ..." ಅಷ್ಟೇ. ಮುಂದೆ ಬರಲಿಲ್ಲ. ಊರಿನವರದ್ದೆಲ್ಲ ದನಿ ತೆಗೆಯುವ ನನಗೆ ನನ್ನದೇ ದನಿ ಹೊರಡಲಿಲ್ಲ. ಕೊನೆಗೆ ಅಮ್ಮನೇ ಎಣ್ಣೆ, ಚಳಿ, ಕಣ ಎಲ್ಲ ಹೇಳಿ ಮುಗಿಸಿದಳು. ಅವರ ಮುಖ ಸಡಿಲವಾಗಲಿಲ್ಲ. ಅವರು ಕರಗಲು ಇನ್ನೆಷ್ಟು ಬಿಸಿಲು ಬೇಕೋ!

ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ: "ಅಪ್ಪ, ಇಲ್ಲೀತನಕ ಬಂದವರೆಲ್ಲ ಬಾಗಿಲಲ್ಲೇ ಚೆನ್ನಾಗಿ ಗಾಡಿ ನಿಲ್ಲಿಸಿದರು. ಉಪ್ಪಿಟ್ಟು ತಿಂದರು, ಕಾಗದ ಬರೀತೀವಿ ಅಂದರು. ಒಬ್ಬರಾದರೂ ತಿರುಗಿ ಬಂದರಾ? ಇವರು ಇನ್ನೂ ಒಳಗೇ ಬಂದಿಲ್ಲ, ಆಗಲೇ ಎಷ್ಟು ಸಲ ತಿರುಗಿ ಬಂದರು ನೋಡಿ!"

ಜರಿಪೇಟ ಮೊದಲು ಅಲುಗಿತು. ಆಮೇಲೆ ಮೀಸೆ. ಆಮೇಲೆ ಹೊಟ್ಟೆ. ನಗು ನಿಲ್ಲುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗಿತ್ತು. ಬರುವ ತಿಂಗಳು ಲಗ್ನ. (ಹುಡುಗಿಯ ಹೆಸರು ಹೇಳುವುದಿಲ್ಲ. ಆ ಅಧಿಕಾರ ಇನ್ನೂ ಬಂದಿಲ್ಲ.)

ಆ ಮನೆಯ ಉಪ್ಪಿಟ್ಟು ತಿಂದು, ಕೈ ತೊಳೆದು, "ಕಾಗದ ಬರೀತೀವಿ" ಎಂದು ಎದ್ದುಹೋದ ಮಹನೀಯರೇ, ನಿಮ್ಮ ಗಾಡಿಗಳ ಕ್ಲಚ್ಚೆಲ್ಲ ಸರಿಯಾಗಿಯೇ ಇತ್ತಲ್ಲ, ನಿಮಗೇನಾಗಿತ್ತು?