ಗ್ಯಾರೇಜಿನಲ್ಲಿಟ್ಟ ಡಬ್ಬಿ

ಅಮೆರಿಕದ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್, ಹತ್ತೊಂಬತ್ತನೇ ಶತಮಾನದ ಅಲ್ಲಿನ ಅಂಚೆ ಲಕೋಟೆಗಳನ್ನು ಕೂಡಿಡುತ್ತಿದ್ದರು. ಒಂದೊಂದನ್ನೂ ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ದೀಪಕ್ಕೆ ಒಡ್ಡಿ ನೋಡುವರು. ಏನು ಅಂಕಲ್ ಎಂದರೆ, "ಏನಿಲ್ರಿ, ಬರೇ ಕಾಗದ" ಎನ್ನುವರು. ಬರೇ ಕಾಗದಕ್ಕೆ ಯಾರಾದರೂ ಉಸಿರು ಹಿಡಿಯುತ್ತಾರೆಯೇ? ನನಗೆ ಅನುಮಾನ. ಅನುಮಾನ ನನಗೆ ಸಕ್ಕರೆ ಕಾಯಿಲೆಗಿಂತ ಮೊದಲೇ ಬಂದದ್ದು.

ಒಂದು ಸಂಜೆ ಟೇಪು ಸುತ್ತಿದ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದರು.

"ಸ್ವಲ್ಪ ದಿನ ನಿಮ್ಮ ಗ್ಯಾರೇಜಿನ್ಯಾಗ ಇರ್ಲಿ. ನಮ್ಮ ಮನಿಯಾಕಿಗೆ ಮಾತ್ರ ಹೇಳಬ್ಯಾಡ್ರಿ."

"ಒಳಗೇನಿದೆ ಅಂಕಲ್?"

"ಏನಿಲ್ರಿ, ಬರೇ ಕಾಗದ."

ಕದ್ದ ಮಾಲೇ? ಪೊಲೀಸರು ಬಂದರೆ ಗ್ಯಾರೇಜು ನನ್ನದು, ಗ್ರೀನ್ ಕಾರ್ಡ್ ಅರ್ಜಿಯೂ ನನ್ನದು. ನಿದ್ದೆಗೆಟ್ಟು, ಕೊನೆಗೆ ಅವರನ್ನೇ ಕರೆದೆ.

"ಬೇಜಾರು ಮಾಡ್ಕೋಬೇಡಿ ಅಂಕಲ್, ಒಂದ್ಸಲ ಬಿಚ್ಚಿ ತೋರಿಸಿ."

ಬಿಚ್ಚಿದರು. ಎಲ್ಲವೂ ಹಳೆಯ ಲಕೋಟೆಗಳೇ. ಸುತ್ತಲೂ ಕಪ್ಪು ಅಂಚು.

"ಆ ಕಾಲದಾಗ ಸಾವಾದ ಮನೀಯಿಂದ ಇಂಥಾ ಲಕೋಟಿ ಬರ್ತಿದ್ವು. ಸೋಮವಾರ ನಮ್ಮ ಮನಿಯಾಕೀದು ಹಾರ್ಟ್ ಆಪರೇಷನ್ ಐತ್ರಿ. ಇವು ಮನ್ಯಾಗ ಬ್ಯಾಡ ಅನಿಸ್ತು."

ನಮ್ಮ ಕಡೆ ಸಾವಿನ ಕಾಗದವನ್ನು ಓದಿದೊಡನೆ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಇವರಿಗೆ ಹರಿಯಲು ಮನಸ್ಸು ಬಂದಿರಲಿಲ್ಲ.

"ಹಾಗಾದ್ರೆ ನಮ್ಮ ಮನೆ?" ಎಂದೆ.

"ನಿಮ್ಮ ಗ್ಯಾರೇಜು ಮನೀಗೆ ಹತ್ತಿಲ್ಲಲ್ರೀ, ಬ್ಯಾರೆ ಐತಿ! ನಮ್ಮದು ಮನೀ ಗ್ವಾಡಿಗೇ ಹತ್ತೇತಿ."

ಡಬ್ಬಿಗೆ ನಾನೇ ಮತ್ತೆ ಟೇಪು ಸುತ್ತಿದೆ. ಅವರ ಹೆಂಡತಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುವ ತನಕ, ಗ್ಯಾರೇಜಿಗೆ ಹೋದಾಗಲೆಲ್ಲ ಕಾಲು ತೊಳೆದೇ ಒಳಗೆ ಬಂದೆ.

"ಏನಿದೆ ರೀ ಆ ಡಬ್ಬೀಲಿ?" ಎಂದು ನನ್ನ ಹೆಂಡತಿ ಕೇಳಿದಳು.

"ಏನಿಲ್ಲ ಕಣೇ, ಬರೀ ಕಾಗದ" ಎಂದೆ. ಅವಳು ನನ್ನ ಒದ್ದೆ ಪಾದಗಳನ್ನೇ ಅನುಮಾನದಿಂದ ನೋಡಿದಳು.