ಅಕ್ಕನ ಗ್ರೀಕ್ ಪಾಠದಲ್ಲಿ ನಗುವ ಜಾಗ

ನನ್ನ ಅಕ್ಕ ಪ್ರಾಚೀನ ಗ್ರೀಕ್ ಓದಲು ಸೇರಿದ್ದು ಆ ಕಿಟಕಿಯ ಮುಂದೆ ಕ್ಯೂ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ. ಕಾಲೇಜು ಪ್ರವೇಶದ ದಿನ ವಾಣಿಜ್ಯದ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತಂತೆ, ಗಣಿತದ್ದು ಮೆಟ್ಟಿಲ ಮೇಲೆಲ್ಲ ಸುತ್ತಿಕೊಂಡಿತ್ತಂತೆ. ಮೂಲೆಯ ಕಿಟಕಿಯೊಳಗೆ ಮಾತ್ರ ಒಬ್ಬ ಗುಮಾಸ್ತ ಆರಾಮಾಗಿ ತೂಕಡಿಸುತ್ತಿದ್ದ. ಸದ್ಯಕ್ಕೆ ಇಲ್ಲಿ ಸೇರಿಕೊಂಡು ಆಮೇಲೆ ಬದಲಾಯಿಸಿಕೊಂಡರಾಯಿತು ಎಂದು ಅಕ್ಕ ಅವನನ್ನು ಎಬ್ಬಿಸಿದಳು. ಮೊದಲ ವಾರದಲ್ಲೇ ಆ ಅಕ್ಷರಗಳಿಗೆ ಮನಸೋತವಳು ಡಾಕ್ಟರೇಟ್ ಮುಗಿಯುವ ತನಕ ಆಚೆ ಈಚೆ ನೋಡಲಿಲ್ಲ.

ನಾನು ಬುದ್ಧಿವಂತ. ಉದ್ದ ಸಾಲಿನಲ್ಲೇ ನಿಂತೆ. ಅದರ ಪುಣ್ಯದಿಂದ ಈಗ ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಫೋನ್ ಎತ್ತುತ್ತೇನೆ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು ಗಾಬರಿಯಿಂದ ಕರೆ ಮಾಡುತ್ತಾರೆ, ಮೆಕ್ಯಾನಿಕ್ ಹೋಗಿ ಮುಟ್ಟುವ ತನಕ "ಗಾಬರಿ ಬೇಡ, ಉಸಿರು ಎಳ್ಕೊಳ್ಳಿ, ಯಾವ ಮಹಡಿ?" ಎಂದು ಅವರನ್ನು ಮಾತಾಡಿಸುತ್ತಿರುವುದು ನನ್ನ ವೃತ್ತಿ. ಲಿಫ್ಟ್ ಹೇಗೆ ಮೇಲಕ್ಕೆ ಹೋಗುತ್ತದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಮೆಟ್ಟಿಲು ಹತ್ತುವವನು.

ಅಕ್ಕನಿಗೂ ಕೆಲಸ ಸಿಕ್ಕಿತ್ತು, ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಓದಿಸುವುದು. "ಅಕ್ಷರ ಓದಿಸೋದೇ ತಾನೆ? ನನ್ನ ವಿಷಯ ಬಿಟ್ಟು ನಾನೇನೂ ಆಚೆ ಹೋಗಿಲ್ಲ" ಎನ್ನುತ್ತಿದ್ದಳು. ಅಂಗಡಿಯ ಯಜಮಾನರು ಅವಳನ್ನು ಎಲ್ಲರೆದುರು "ಡಾಕ್ಟರಮ್ಮ" ಎಂದೇ ಕರೆಯುತ್ತಿದ್ದರು. ಗಿರಾಕಿಗಳು ಅವಳನ್ನು ಕಣ್ಣಿನ ಡಾಕ್ಟರು ಅಂದುಕೊಂಡರೆ ಅವರಿಗೆ ಅಭ್ಯಂತರವೇನೂ ಇರಲಿಲ್ಲ. ನಮ್ಮಮ್ಮನಿಗಂತೂ ಮೊದಲೇ ಇರಲಿಲ್ಲ.

ಹಾಗಂತ ಅಕ್ಕ ಆಸೆ ಬಿಟ್ಟವಳಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಜಗತ್ತಿನಲ್ಲಿ ಎಲ್ಲಾದರೂ ಗ್ರೀಕ್ ಕಲಿಸುವ ಹುದ್ದೆ ಖಾಲಿಯಾಗಿದೆಯೇ ಎಂದು ನೋಡುತ್ತಿದ್ದಳು. ಆ ಜಾಹೀರಾತುಗಳ ವರಸೆಯೇ ಬೇರೆ. ಬೇಕಾಗಿರುವುದು ಗ್ರೀಕ್ ಮೇಷ್ಟ್ರು, ಆದರೆ ಲ್ಯಾಟಿನ್ ಬಂದರೆ ಒಳ್ಳೆಯದು, ರೋಮಿನ ಚರಿತ್ರೆ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಹಳೇ ನಾಣ್ಯ, ಒಡೆದ ಮಡಕೆ, ತತ್ವಶಾಸ್ತ್ರ ಇವುಗಳ ಪರಿಚಯ ಇದ್ದವರಿಗೆ ಆದ್ಯತೆ. ಅವಧಿ ಒಂಬತ್ತು ತಿಂಗಳು.

"ಒಂಬತ್ತು ತಿಂಗಳಿಗೆ ಮಗು ಆಗುತ್ತೆ, ಉದ್ಯೋಗ ಆಗುತ್ತೇನೇ?" ಎಂದು ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದ್ದಳು. ಅಮ್ಮ ಮನೆಯಲ್ಲೇ ಕೂತು ಅಂಗಡಿಗಳಿಗೆ ಪರದೆ ಹೊಲಿದುಕೊಡುತ್ತಾಳೆ.

"ಅಮ್ಮಾ, ಅದು ಹೆರಿಗೆ ರಜೆಗೆ ಬದಲಿ."

"ಓಹೋ. ಪಾಪ, ಸುಸೂತ್ರವಾಗಿ ಆಗಲಿ."

ಹೀಗೆ ಯಾವ ದೇಶದ ಗ್ರೀಕ್ ಮೇಡಂ ಬಸುರಿ, ಯಾವ ಮೇಷ್ಟ್ರಿಗೆ ನಿವೃತ್ತಿ ಹತ್ತಿರ, ಯಾರು ಹಟ ಹಿಡಿದು ಕುರ್ಚಿ ಬಿಡುತ್ತಿಲ್ಲ ಎಂಬ ಸುದ್ದಿ ನಮ್ಮ ಮನೆಯಲ್ಲಿ ನೆಂಟರಿಷ್ಟರ ಸುದ್ದಿಗಿಂತ ಚೆನ್ನಾಗಿ ಓಡಾಡುತ್ತಿತ್ತು. ಅರ್ಜಿ ಹಾಕಿದ ಮೇಲೆ ಕೆಲವರು "ವಿಷಾದಿಸುತ್ತೇವೆ" ಎಂದು ಬರೆಯುತ್ತಿದ್ದರು. ಕೆಲವರು ಹುದ್ದೆಯನ್ನೇ ರದ್ದು ಮಾಡುತ್ತಿದ್ದರು. ಒಂದು ಕಾಲೇಜಂತೂ ವಿಭಾಗವನ್ನೇ ಮುಚ್ಚಿ ಅಲ್ಲಿ ವ್ಯಾಯಾಮ ಶಾಲೆ ತೆರೆಯಿತು. "ಗ್ರೀಕರಿಗೆ ಅದೂ ಇಷ್ಟ ಇತ್ತು" ಎಂದು ಅಕ್ಕ ನಕ್ಕುಬಿಟ್ಟಳು.

ಆಮೇಲೆ ಬಂತು ನೋಡಿ, ನಮ್ಮ ಊರಿನದೇ ಕಾಲೇಜಿನ ಜಾಹೀರಾತು. ಪ್ರಾಚೀನ ಗ್ರೀಕ್, ಒಂದು ಹುದ್ದೆ, ಕಾಯಂ. ಅಲ್ಲಿನ ಹಿರಿಯ ಪ್ರೊಫೆಸರಮ್ಮ ನಿವೃತ್ತರಾಗುತ್ತಿದ್ದರು. ಅದೇ ವಾರ ಕನ್ನಡಕದ ಯಜಮಾನರು ಅಕ್ಕನನ್ನು ಕರೆದು, "ಡಾಕ್ಟರಮ್ಮ, ಹೊಸ ಶಾಖೆ ತೆಗೀತಿದ್ದೀನಿ. ಪೂರ್ತಿ ನೀವೇ ನೋಡ್ಕೊಬೇಕು. ತಿಂಗಳ ಕೊನೆಗೆ ಹೂಂ ಅಥವಾ ಉಹೂಂ ಅನ್ನಿ" ಎಂದರು. ಅಕ್ಕ ಮನೆಗೆ ಬಂದು ಚಹಾ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ಇದೇ ಕೊನೇ ಅರ್ಜಿ. ಇದು ಆಗದಿದ್ರೆ ಪುಸ್ತಕ ಎಲ್ಲ ಅಟ್ಟಕ್ಕೆ, ನಾನು ಶಾಖೆಗೆ."

ಅಮ್ಮ ಮಿಷನ್ ನಿಲ್ಲಿಸಿದಳು. ಸೂಜಿಗೆ ದಾರ ಪೋಣಿಸುತ್ತ ಕೂತಳು, ಅದು ಮೊದಲೇ ಪೋಣಿಸಿದ ಸೂಜಿ.

ಸಂದರ್ಶನದಲ್ಲಿ ಒಂದು ಮಾದರಿ ಪಾಠ ಮಾಡಬೇಕಿತ್ತು, ಅದೂ ಗ್ರೀಕಿನ ಗಂಧಗಾಳಿ ಇಲ್ಲದವರಿಗೆ. ಗಂಧಗಾಳಿ ಇಲ್ಲದವರು ಎಂದರೆ ನಾನು, ಅಮ್ಮ. ಸಂಜೆ ಊಟದ ಮೇಜು ತರಗತಿಯಾಯಿತು. ಅಡುಗೆಮನೆಯ ಬಾಗಿಲಿಗೆ ಅಕ್ಕ ಕಪ್ಪು ಹಾಳೆ ಅಂಟಿಸಿ, ಹಳೆಯ ಗ್ರೀಕರು ಪದಗಳ ನಡುವೆ ಜಾಗವನ್ನೇ ಬಿಡದೆ ಬರೆಯುತ್ತಿದ್ದರು ಎಂದು ವಿವರಿಸುತ್ತಿದ್ದಳು.

"ಜಾಗ ಬಿಡದಿದ್ರೆ ಎಲ್ಲಿ ಕತ್ತರಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?" ಅಮ್ಮ ಬಟ್ಟೆಯ ಲೆಕ್ಕದಲ್ಲಿ ಕೇಳಿದಳು.

"ಗಟ್ಟಿಯಾಗಿ ಓದ್ಬೇಕಮ್ಮ. ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತೆ. ಈಗ ನೋಡಿ, ಈ ಅಕ್ಷರಗಳು ತುಂಬಿದ ಬಸ್ಸಿನಲ್ಲಿ ನಿಂತ ಜನರ ಥರ. ಟಿಕೆಟ್ ತಗೊಂಡೋರು ಯಾರು, ತಗೊಳ್ದೋರು ಯಾರು, ಕಂಡಕ್ಟರಿಗೂ ಗೊತ್ತಾಗಲ್ಲ!"

ನಾವಿಬ್ಬರೂ ಅವಳ ಮುಖ ನೋಡಿದೆವು.

"ಲೋ, ಇಲ್ಲಿ ನಗ್ಬೇಕು."

"ಯಾಕೆ?"

"ಜೋಕ್ ಕಣೋ ಅದು!"

"ಮೊದಲೇ ಹೇಳಬಾರದಾ?"

ಅಂದಿನಿಂದ ನನಗೆ ಅದೇ ಡ್ಯೂಟಿ. ಅವಳು ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿದ ಕೂಡಲೇ ನಾನು ನಗಬೇಕು. ಮೊದಮೊದಲು ಗಂಟಲಿಗೆ ಏನೋ ಸಿಕ್ಕಿದವನ ಹಾಗೆ ಕೇಳಿಸುತ್ತಿತ್ತಂತೆ. ವಾರ ಕಳೆಯುವಷ್ಟರಲ್ಲಿ ಎಷ್ಟು ಪಳಗಿದೆನೆಂದರೆ, ಬಟ್ಟೆಗೆ ಗುರುತು ಹಾಕಿ ಅಮ್ಮ ಸೀಮೆಸುಣ್ಣ ಕೆಳಗಿಟ್ಟರೂ ನಗು ಬರುತ್ತಿತ್ತು.

ಸಂದರ್ಶನದ ದಿನ ರಜೆ ಹಾಕಿ ಅಕ್ಕನನ್ನು ಸ್ಕೂಟರಿನಲ್ಲಿ ಕರೆದೊಯ್ದೆ. ಮೂರನೇ ಮಹಡಿ. ಲಿಫ್ಟ್ ನಮ್ಮದೇ ಕಂಪನಿಯದು, ಹಾಗಾಗಿ ಮೆಟ್ಟಿಲು ಹತ್ತಿದೆವು. ಅವಳಿಗಿಂತ ಮೊದಲು ಕೋಟು ಹಾಕಿದ ಒಬ್ಬ ಅಭ್ಯರ್ಥಿ ಒಳಗಿದ್ದ. ಅವನ ಪಾಠ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಕೊನೆಗೆ ಬಾಗಿಲು ತೆರೆದಾಗ ಅವನಿಗಿಂತ ಮೊದಲು ಕ್ಯಾಂಟೀನಿನ ಹುಡುಗಿ ಹೊರಬಿದ್ದು, "ಹಲ್ಲುನೋವು, ನನ್ನ ಕೈಲಾಗಲ್ಲ" ಎನ್ನುತ್ತ ದವಡೆ ಹಿಡಿದುಕೊಂಡು ಓಡಿದಳು. ರಜೆಯ ದಿನಗಳಾದ್ದರಿಂದ ವಿದ್ಯಾರ್ಥಿಗಳಿರಲಿಲ್ಲ. ಕಾಲೇಜಿನ ಕೆಲಸಗಾರರನ್ನೇ ಹಿಡಿದು ಕೂರಿಸಿದ್ದರು. ಈಗ ಒಂದು ಕುರ್ಚಿ ಖಾಲಿ. ಅಕ್ಕನನ್ನು ಒಳಗೆ ಕರೆದರು.

ಆಡಳಿತಾಧಿಕಾರಿ ಕಾರಿಡಾರಿಗೆ ತಲೆ ಹಾಕಿದರು. ಟೈ ಸಡಿಲವಾಗಿತ್ತು. ಬೆಂಚಿನ ಮೇಲೆ ಅಕ್ಕನ ಬ್ಯಾಗು ತಬ್ಬಿಕೊಂಡು ಕೂತ ನನ್ನನ್ನು ನೋಡಿ, "ನಿಮಗೆ ಗ್ರೀಕ್ ಬರುತ್ತಾ?" ಎಂದರು.

"ಖಂಡಿತ ಇಲ್ಲ."

"ಒಳ್ಳೇದಾಯ್ತು, ಬನ್ನಿ."

ಅಷ್ಟು ಸುಲಭವಾಗಿ ನನ್ನನ್ನು ಯಾವ ಕಾಲೇಜೂ ಸೇರಿಸಿಕೊಂಡಿರಲಿಲ್ಲ. ಬೀಗುತ್ತ ಹೋಗಿ ಕೂತೆ. ಪಕ್ಕದಲ್ಲಿ ಕಾಲೇಜಿನ ತೋಟದವರು, ಆಚೆ ಗ್ರಂಥಾಲಯದ ಸಹಾಯಕಿ. ಗೋಡೆಯ ಬದಿ ಪ್ರೊಫೆಸರಮ್ಮ ಬೆಳ್ಳಿಕೂದಲ ಗಂಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿದ್ದರು. ನನ್ನನ್ನು ನೋಡಿ ಅಕ್ಕನ ಮುಖ ಹಿಟ್ಟು ಬಳಿದಂತಾಯಿತು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಧಿಕಾರಿ, "ಶುರು ಮಾಡಿ, ಆಗಲೇ ತಡವಾಗಿದೆ" ಎಂದರು.

ಶುರು ಮಾಡಿದಳು. ನಾನು ಏನೂ ಗೊತ್ತಿಲ್ಲದವನ ಮುಖ ಹೊತ್ತು ಕೂತೆ. ಅದಕ್ಕೆ ನನಗೆ ಹೆಚ್ಚು ಕಷ್ಟವಾಗಲಿಲ್ಲ. ಆದರೆ ಅಕ್ಕನ ದನಿ ನೀರಸವಾಗಿತ್ತು, ಬಾಯಿಪಾಠ ಒಪ್ಪಿಸುವವಳ ಹಾಗೆ. ತೋಟದವರು ಕಿಟಕಿಯಾಚೆ ಹುಲ್ಲು ನೋಡುತ್ತಿದ್ದರು. ಅಧಿಕಾರಿ ಆಕಳಿಕೆಯನ್ನು ಕೈಯೊಳಗೆ ಬಚ್ಚಿಟ್ಟರು. ಗಾಬರಿಯಲ್ಲಿ ಅಕ್ಕ ಬಸ್ಸನ್ನೂ ಮರೆತಳು, ಕಂಡಕ್ಟರನನ್ನೂ ಮರೆತಳು. ಜಾಗವಿಲ್ಲದ ಸಾಲು ಬರೆದಳು, ಸೀಮೆಸುಣ್ಣ ಕೆಳಗಿಟ್ಟಳು, ನಮ್ಮ ಕಡೆ ತಿರುಗಿದಳು.

ನಾನು ನಕ್ಕೆ.

ಸಣ್ಣ ನಗುವಲ್ಲ. ಹೊಟ್ಟೆ ಹಿಡಿದು, ಕುರ್ಚಿ ತಟ್ಟಿ, ಅಭ್ಯಾಸ ಮಾಡಿದ ಅಷ್ಟನ್ನೂ ನಕ್ಕೆ. ನಗುತ್ತಿರುವವನು ನಾನೊಬ್ಬನೇ ಎಂದು ತಿಳಿಯುವಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿದ್ದರು.

"ಏನ್ರೀ, ಏನಾಯ್ತು ನಿಮಗೆ?" ಎಂದರು ಅಧಿಕಾರಿ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂರನೇ ಮಹಡಿಯಾದ್ದರಿಂದ ಅದಕ್ಕೂ ದಾರಿ ಇರಲಿಲ್ಲ. ಅಕ್ಕ ನನ್ನನ್ನು ನೋಡಿದಳು. ಆಮೇಲೆ ನೆಟ್ಟಗೆ ನಿಂತು ಹೇಳಿದಳು:

"ಸರ್, ಇವನು ನನ್ನ ತಮ್ಮ. ಮೊದಲೇ ಹೇಳ್ಬೇಕಿತ್ತು. ಮನೇಲಿ ಇದೇ ಪಾಠ ಇವನ ಮೇಲೆ ಪ್ರಯೋಗ ಮಾಡಿದ್ದೆ. ಇಲ್ಲಿ ಒಂದು ಜೋಕ್ ಇತ್ತು. ನಾನು ಮರೆತೆ, ಅವನು ಮರೀಲಿಲ್ಲ."

ಮೊದಲು ಪ್ರೊಫೆಸರಮ್ಮನ ಪೆನ್ಸಿಲ್ ಅಲುಗಾಡಿತು, ಆಮೇಲೆ ಭುಜ. ಮರುಕ್ಷಣ ಎಲ್ಲರೂ ಗೊಳ್ಳೆಂದರು. "ಆ ಜೋಕ್ ಏನಮ್ಮಾ?" ಎಂದು ಅವರು ಕಣ್ಣೊರೆಸಿಕೊಳ್ಳುತ್ತ ಕೇಳಿದರು. ಅಕ್ಕ ಹೇಳಿದಳು. ಯಾರೂ ನಗಲಿಲ್ಲ.

"ಹೇಳದಿದ್ದಾಗಲೇ ಚೆನ್ನಾಗಿತ್ತು" ಎಂದರು ತೋಟದವರು. ಮತ್ತೆ ನಗು.

ಆಗ ಅಕ್ಕ ಕೈಯಲ್ಲಿದ್ದ ಟಿಪ್ಪಣಿಯನ್ನು ಮಡಿಸಿ ನನ್ನ ತೊಡೆಯ ಮೇಲಿದ್ದ ತನ್ನ ಬ್ಯಾಗಿಗೆ ಹಾಕಿದಳು. "ಪಾಠ ಮೊದಲಿಂದ ಮಾಡ್ತೀನಿ. ಇದು ಇವನಿಗೂ ಗೊತ್ತಿಲ್ಲದ ಪಾಠ, ಯಾಕಂದ್ರೆ ನನಗೂ ಈಗಷ್ಟೇ ಹೊಳೆದಿದ್ದು" ಎಂದಳು. ದನಿ ಬದಲಾಗಿತ್ತು. ನನ್ನ ಮೇಲೆ ಸಿಟ್ಟು ಬಂದಾಗಿನ, ನನಗೆ ಚೆನ್ನಾಗಿ ಪರಿಚಯವಿದ್ದ ದನಿ. "ನೀವು ದಿನಾ ಕೆಲಸದಲ್ಲಿ ಹೆಚ್ಚು ಸಲ ಹೇಳೋ ಮಾತು ಒಂದೊಂದು ನನ್ನ ಕಿವೀಲಿ ಹೇಳಿ. ಬೇರೆಯವರಿಗೆ ಕೇಳಿಸ್ಬಾರದು."

ಹೇಳಿದೆವು. ಪ್ರತಿಯೊಂದನ್ನೂ ಅವಳು ಗ್ರೀಕ್ ಅಕ್ಷರಗಳಲ್ಲಿ, ಜಾಗ ಬಿಡದೆ, ಹಲಗೆಯ ಮೇಲೆ ಬರೆದಳು. ಪಕ್ಕದಲ್ಲಿ ಯಾವ ಅಕ್ಷರಕ್ಕೆ ಯಾವ ಉಚ್ಚಾರ ಎಂದೂ ಬರೆದಳು. "ಗ್ರೀಕರಿಗೆ ನಮ್ಮಷ್ಟು ಅಕ್ಷರ ಇರಲಿಲ್ಲ, ಸ್ವಲ್ಪ ಹೊಂದಿಸ್ಕೊಳ್ಳಿ. ಇನ್ನೊಬ್ಬರ ಮಾತು ಓದಿ. ಮನಸಿನಲ್ಲಲ್ಲ, ಬಾಯಿ ಬಿಟ್ಟು!"

ನನ್ನ ಪಾಲಿನ ಸಾಲು ಹೀಗಿತ್ತು: ΓΑΒΑΡΙΒΗΔΑ.

ಅದಕ್ಕೆ ಕೈ ಹಾಕಿದವರು ಅಧಿಕಾರಿ. ಅವರನ್ನು ಯಾರೂ ಪಾಠಕ್ಕೆ ಕರೆದಿರಲಿಲ್ಲ, ತಾವಾಗಿಯೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಗಾ... ಗಾಮಾ ನಮ್ಮ ಗಣಿತದಲ್ಲೂ ಇತ್ತು... ಗಾ, ಬ, ರಿ, ಬೇ..." ಮತ್ತೆ ಹಿಂದಕ್ಕೆ ಹೋದರು. "ಗಾಬ... ರಿಬೇ... ಅಲ್ಲ, ತಡೀರಿ, ಯಾರೂ ಹೇಳ್ಬೇಡಿ!" ತುಟಿ ಅಲುಗಾಡಿಸುತ್ತ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಓದಿದರು. ಇದ್ದಕ್ಕಿದ್ದಂತೆ ಎದ್ದು ನಿಂತರು. "ಗಾಬರಿ! ಗಾಬರಿ ಬೇಡ! ಗಾಬರಿ ಬೇಡ ಅಂತ ಬರೆದಿದ್ದಾರೆ ಕಣ್ರೀ!"

ಗೆದ್ದ ಮಗುವಿನ ಹಾಗೆ ಎಲ್ಲರ ಮುಖ ನೋಡಿದರು. ತೋಟದವರು ಕೈಕುಲುಕಿದರು. ಗ್ರಂಥಾಲಯದ ಸಹಾಯಕಿ, "ಹಾಗಾದ್ರೆ ನಂದು ಯಾರು ಓದ್ತೀರಾ? 'ಗಲಾಟೆ ಬೇಡ'" ಎಂದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಟ್ಟಳು. ಗಲಾಟೆ ಇನ್ನೂ ಹೆಚ್ಚಾಯಿತು. ಅದರ ನಡುವೆ ಅಕ್ಕ ನಿಜವಾದ ಗ್ರೀಕ್ ಸಾಲೊಂದನ್ನು ಹಲಗೆಯ ಮೇಲೆ ಬರೆದಳು. ಈ ಜನ ಅದನ್ನೂ ಬಿಡದೆ ಒಂದೇ ಕೊರಳಿನಲ್ಲಿ ಓದತೊಡಗಿದರು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ತಿಳಿದುಕೊಳ್ಳಬೇಕಾಗಿತ್ತು. ಪ್ರೊಫೆಸರಮ್ಮ ಪೆನ್ಸಿಲನ್ನು ಕೂದಲಿನಿಂದ ತೆಗೆದು ಏನೋ ಬರೆದುಕೊಂಡರು.

ದಾರಿಯುದ್ದಕ್ಕೂ ಅಕ್ಕ ಸ್ಕೂಟರಿನ ಹಿಂದೆ ಕೂತು ನನ್ನ ಬೆನ್ನಿಗೆ ಗುದ್ದುತ್ತ ಬಂದಳು. "ಕತ್ತೆ! ಖಾಲಿ ಜಾಗಕ್ಕೆ ಯಾರಾದ್ರೂ ನಗ್ತಾರೇನೋ?"

"ನೀನೇ ಕಲಿಸಿದ್ದು."

ಗುದ್ದಿನ ನಡುವೆ ಅವಳು ನಗುತ್ತಿದ್ದಳು ಎಂದು ಕನ್ನಡಿಯಲ್ಲಿ ಕಾಣಿಸಿತು. ಆದರೂ ಅಟ್ಟದ ಏಣಿ ಆ ವಾರವೆಲ್ಲ ಹಜಾರದ ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನು ಹತ್ತುವುದೋ ಒಳಗಿಡುವುದೋ ಯಾರಿಗೂ ತಿಳಿಯದೆ ಎಲ್ಲರೂ ಸುತ್ತುಹಾಕಿ ನಡೆಯುತ್ತಿದ್ದೆವು.

ಕೊನೆಗೊಂದು ಮಧ್ಯಾಹ್ನ ಆಫೀಸಿನ ದೂರಿನ ಫೋನ್ ಬಡಿದುಕೊಂಡಿತು. ಆ ಕಡೆ ಬರೀ ಏದುಸಿರು.

"ಗಾಬರಿ ಬೇಡ ಮೇಡಂ, ಉಸಿರು ಎಳ್ಕೊಳ್ಳಿ. ಯಾವ ಮಹಡಿ?"

"ಮೂರನೇದು" ಎಂದಿತು ಅಳುನಗುವಿನ ದನಿ. "ಗ್ರೀಕ್ ವಿಭಾಗ. ಕಾಯಂ ಕಣೋ, ಕಾಯಂ! ನಿನ್ನ ಮೊಬೈಲ್ ಯಾಕೋ ಆಫ್ ಮಾಡಿ ಸಾಯ್ತೀಯಾ?"

ನಾನು ಹಾಕಿದ ಕೂಗಿಗೆ ಮೆಕ್ಯಾನಿಕ್ ಒಬ್ಬರು ಉಪಕರಣದ ಚೀಲ ಎತ್ತಿಕೊಂಡು ಹೊರಟೇಬಿಟ್ಟಿದ್ದರು. ಅಮ್ಮ ಏಣಿಯನ್ನು ತಾನೇ ಎತ್ತಿ ಒಳಗಿಟ್ಟಳು. ಕನ್ನಡಕದ ಯಜಮಾನರು ಅಕ್ಕನಿಗೆ ಓದಲು ಒಂದು ಒಳ್ಳೆಯ ಕನ್ನಡಕ ಉಡುಗೊರೆ ಕೊಟ್ಟು, "ಹೋಗಿ ಡಾಕ್ಟರಮ್ಮ. ಶಾಖೆಗೆ ಬೇರೆಯವರು ಸಿಗ್ತಾರೆ. ನಿಮ್ಮ ಆ ಹಳೇ ಜನಕ್ಕೆ ಇನ್ನೊಬ್ಬರು ಎಲ್ಲಿ ಸಿಗ್ಬೇಕು?" ಎಂದರು.

ಈಗ ವಾರಕ್ಕೊಂದು ಸಂಜೆ ಹೊರಗಿನವರಿಗೂ ತರಗತಿ ನಡೆಯುತ್ತದೆ. ಅಧಿಕಾರಿಯವರ ಹಟದಿಂದಲೇ ಶುರುವಾದದ್ದು. ಅವರು ಮೊದಲ ಬೆಂಚು ಬಿಡುವುದಿಲ್ಲ. ನಾನು ತೋಟದವರ ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ಹೊಸಬರು ಕೆಲವರು ಸೇರಿದ್ದರು. ಅಕ್ಕ ಜಾಗವಿಲ್ಲದ ಸಾಲು ಬರೆದು, ಬಸ್ಸು ಹತ್ತಿಸಿ, ಕಂಡಕ್ಟರನನ್ನೂ ಕರೆತಂದು, ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿದಳಂತೆ. ಯಾರೂ ನಗಲಿಲ್ಲವಂತೆ. ಅವಳು ಕೆಮ್ಮಿದಳಂತೆ. ನನಗೆ ಕೇಳಿಸಲಿಲ್ಲ. ಹಲಗೆಯ ಮೇಲಿನ ಸಾಲಿನಲ್ಲಿ ಒಂದು ಪದ ಎಲ್ಲಿ ಮುಗಿಯುತ್ತದೆ ಎಂದು ಬಾಯಿಬಿಟ್ಟು ಹುಡುಕುತ್ತಿದ್ದೆ.

ತೋಟದವರು ಮೊಣಕೈಯಿಂದ ತಿವಿದರು. "ಸಾರ್, ನಗಿ. ನಿಮ್ಮ ಜಾಗ ಬಂತು."